ತಗ್ಗು ಸೀಲಿಂಗಿನ ಹುಡುಗ

ಐಸ್ ಹಾಕಿಯ ಬಗ್ಗೆ ನನಗೆ ಏನೂ ಗೊತ್ತಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಯಾಕೆಂದರೆ ಈಚೆಗೆ ಕೆಲವು ತಿಂಗಳು ನಾನು ಆ ಆಟದ ರಷ್ಯನ್ ಹುಡುಗರ ಬಗ್ಗೆ ಎಷ್ಟು ಗಂಭೀರವಾಗಿ ಮಾತಾಡುತ್ತಿದ್ದೆನೆಂದರೆ, ಊಟಕ್ಕೆ ಬಂದ ನೆಂಟರು ನಾನು ಡಾಕ್ಟರಿಕೆ ಬಿಟ್ಟು ಬೇರೇನೋ ಶುರು ಮಾಡಿದ್ದೇನೆಂದು ಊರಿಗೆ ಸುದ್ದಿ ಮುಟ್ಟಿಸಿದ್ದರು.

ನಾನು ಗದಗಿನವಳು. ವೈದ್ಯಕೀಯ ಓದಿದ್ದು ರಷ್ಯಾದಲ್ಲಿ, ಹೊಳೆಯ ದಂಡೆಯ ಒಂದು ಊರಿನಲ್ಲಿ. ರೋಗಿಗಳನ್ನು ನೋಡುತ್ತಿರುವುದು ಮಸ್ಕತ್ತಿನ ಅಂಚಿನ ಅಲ್ ಮವಾಲೇಹದ ಒಂದು ಸಣ್ಣ ಕ್ಲಿನಿಕ್ಕಿನಲ್ಲಿ. ಹೀಗಾಗಿ ಯಾವ ಹವೆಯೂ ನನ್ನ ಮೈಗೆ ಪೂರ್ತಿ ಒಗ್ಗಿಲ್ಲ. ಬೇಸಿಗೆಯ ಮಧ್ಯಾಹ್ನ ನನ್ನ ಕೋಣೆಯ ಕಿಟಕಿಯಾಚೆ ಬಿಸಿಲು ಹಳದಿಯಾಗಿರುವುದಿಲ್ಲ, ಬೆಳ್ಳಗಿರುತ್ತದೆ. ಕಟ್ಟಡಗಳ ಅಂಚು ಕರಗಿ, ರಸ್ತೆಯಲ್ಲಿ ಒಬ್ಬರೂ ಇಲ್ಲದೆ, ಎ.ಸಿ.ಯ ಸದ್ದೊಂದೇ ಕೇಳುತ್ತಿರುವಾಗ ನನಗೆ ಒಂದೊಂದು ಸಲ ಹೊರಗೆ ಹಿಮ ಬಿದ್ದಿದೆ ಅನ್ನಿಸುತ್ತದೆ. ಕೋಟು ಎಲ್ಲಿಟ್ಟೆ ಎಂದು ಯೋಚಿಸಿದ್ದೂ ಉಂಟು.

ಅಂಥದೊಂದು ಮಧ್ಯಾಹ್ನ ಲರೀಸಾ ಕೆಮ್ಮುತ್ತ ಒಳಗೆ ಬಂದಳು. ಎತ್ತರದ ಹೆಂಗಸು, ನೆಟ್ಟಗಿನ ಬೆನ್ನು. ಇಂಗ್ಲಿಷಿನಲ್ಲಿ ಪದಗಳಿಗಾಗಿ ತಡಕಾಡುತ್ತಿದ್ದಳು. "ಎಷ್ಟು ದಿನ ಆಯ್ತು ಈ ಕೆಮ್ಮು ಶುರುವಾಗಿ?" ಎಂದು ನಾನು ರಷ್ಯನ್ನಿನಲ್ಲಿ ಕೇಳಿದೆ. ಕೆಮ್ಮು ತಟ್ಟನೆ ನಿಂತಿತು. ನನ್ನ ಔಷಧಿ ಅಷ್ಟು ಬೇಗ ಕೆಲಸ ಮಾಡಿದ್ದು ಅದೇ ಮೊದಲು.

ಅವಳು ಇಲ್ಲಿನ ಒಂದು ಐಸ್ ರಿಂಕಿನಲ್ಲಿ ಮಕ್ಕಳಿಗೆ ಸ್ಕೇಟಿಂಗ್ ಕಲಿಸುವವಳು. ಒಳಗೆ ರಷ್ಯಾದ ಚಳಿ, ಬಾಗಿಲು ದಾಟಿದರೆ ಒಮಾನಿನ ಬಿಸಿಲು. ದಿನವಿಡೀ ಚಳಿಗಾಲಕ್ಕೂ ಬೇಸಿಗೆಗೂ ಓಡಾಡಿದರೆ ಯಾರ ಗಂಟಲು ತಡೆಯುತ್ತದೆ? ಕುತ್ತಿಗೆಗೆ ಮಫ್ಲರ್ ಸುತ್ತಿಕೊಳ್ಳಿ ಎಂದೆ. ಗದಗಿನವಳೊಬ್ಬಳು ರಷ್ಯಾದವಳಿಗೆ ಚಳಿಯ ಬಗ್ಗೆ ಬುದ್ಧಿ ಹೇಳುವುದನ್ನು ಕೇಳಿ ಅವಳು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಮತ್ತೆ ಕೆಮ್ಮಿದಳು.

ಅವಳ ಪೂರ್ತಿ ಹೆಸರು ಲರೀಸಾ ವಿಕ್ತೊರೊವ್ನಾ, ಅಂದರೆ ವಿಕ್ಟರನ ಮಗಳು ಲರೀಸಾ. ಆ ಭಾಷೆಯಲ್ಲಿ ಮರ್ಯಾದೆ ಕೊಡುವುದೆಂದರೆ ಅಪ್ಪನ ಹೆಸರನ್ನೂ ಸೇರಿಸಿ ಕರೆಯುವುದು. ನಮ್ಮಪ್ಪನ ಹೆಸರು ವಿರೂಪಾಕ್ಷಪ್ಪ. ಹಿಂದೆ ಹಾಸ್ಟೆಲ್ಲಿನ ಕಾವಲಿನ ಅಜ್ಜಿ ನನಗೂ ಮರ್ಯಾದೆ ಕೊಡಲು ಹೊರಟು 'ಸುಮಾ ವಿರೂಪಾಕ್ಷೊವ್ನಾ' ಅನ್ನುವಷ್ಟರಲ್ಲಿ ಉಸಿರು ಸಾಲದೆ, ಆಮೇಲೆ ಬರೀ 'ಏ ಹುಡುಗಿ'ಗೆ ಇಳಿದಿದ್ದಳು. ಲರೀಸಾ ನನ್ನನ್ನು ಡಾಕ್ಟರ್ ಎಂದಷ್ಟೇ ಕರೆಯುತ್ತಾಳೆ. ಇನ್ನು ಅವಳ ಮಾತು. ರಷ್ಯನ್ ನನ್ನ ತಲೆಯೊಳಗೆ ಇಳಿಯುವಾಗ ನೇರವಾಗಿ ಗದಗಿನ ಕನ್ನಡವಾಗಿಬಿಡುತ್ತದೆ. ಕೇಳಿಸಿದ ಹಾಗೇ ಬರೆಯುತ್ತೇನೆ.

ಕೆಮ್ಮು ವಾಸಿಯಾದ ಮೇಲೂ ಅವಳು ಬಂದಳು. ಫೋನನ್ನು ನನ್ನ ಮುಂದಿಟ್ಟು, "ಡಾಕ್ಟರ್, ಇದನ್ನ ಓದಿ ಹೇಳ್ರಿ. ಮಷೀನಿನ ಅನುವಾದದ ಮ್ಯಾಲೆ ನಂಗ ನಂಬಿಕಿಲ್ಲ. ನನ್ನ ಮಗನ ಕೈ ಮೆತ್ತಗ ಅವ ಅಂತ ಬರದೈತಿ. ಮೈಗಳ್ಳ ಅಂತ ಬೈದಾರೇನು?" ಎಂದಳು.

ಹಾಗೆ ಅವಳ ಮಗ ಕೋಸ್ತ್ಯಾ ನಮ್ಮ ಬದುಕಿಗೆ ಬಂದ. ಹದಿನೆಂಟು ತುಂಬಿದ ಹುಡುಗ, ರಷ್ಯಾದ ಕಿರಿಯರ ಲೀಗಿನಲ್ಲಿ ಐಸ್ ಹಾಕಿ ಆಡುತ್ತಾನೆ. ಗೋಲಿನ ಮುಂದೆ ನಿಂತು ಎದುರಾಳಿಗಳನ್ನು ತಡೆಯುವ ಆಟಗಾರ. ಅಮೆರಿಕ, ಕೆನಡಾದ ದೊಡ್ಡ ಲೀಗಿನ ತಂಡಗಳು ವರ್ಷಕ್ಕೊಮ್ಮೆ ಇಂಥ ಹುಡುಗರನ್ನು ಸರದಿಯ ಪ್ರಕಾರ ಆರಿಸಿಕೊಳ್ಳುತ್ತವೆ. ಅದಕ್ಕೆ ಡ್ರಾಫ್ಟ್ ಅನ್ನುತ್ತಾರೆ. ಅದಕ್ಕಿಂತ ಮೊದಲು, ಪ್ರತಿಯೊಬ್ಬ ಹುಡುಗನನ್ನೂ ಅಳೆದು ತೂಗಿ ಇಂಟರ್ನೆಟ್ಟಿನಲ್ಲಿ ಬರೆಯುವ ಜನರಿದ್ದಾರೆ. ಮೆತ್ತಗಿನ ಕೈ ಎಂದರೆ ಹೊಗಳಿಕೆಯಂತೆ. ಈ ಆಟದಲ್ಲಿ ಚೆಂಡಿನ ಬದಲಿಗಿರುವ ಕಪ್ಪು ರಬ್ಬರಿನ ಬಿಲ್ಲೆಯನ್ನು ಕೋಲಿನ ತುದಿಯಲ್ಲಿ ನಾಜೂಕಾಗಿ ನಿಭಾಯಿಸುತ್ತಾನೆ ಎಂದು ಅರ್ಥ. ಇದನ್ನು ಹೇಳಿದ್ದೇ ಲರೀಸಾಳ ಮುಖ ಅರಳಿತು. ನಾನೇ ಹುಡುಗನನ್ನು ಹೊಗಳಿದೆನೋ ಎಂಬಂತೆ ನನಗೂ ಹೆಮ್ಮೆಯಾಯಿತು.

ಸಂಜೆ ಈ ಡ್ರಾಫ್ಟಿನ ವಿಷಯ ನನ್ನ ಗಂಡ ಬಸವರಾಜರಿಗೆ ಹೇಳಿದೆ. ಅವರು ಸಿವಿಲ್ ಇಂಜಿನಿಯರ್. ಕ್ರಿಕೆಟ್ ಬಿಟ್ಟರೆ ಬೇರೆ ಆಟಗಳನ್ನು ವ್ಯಾಯಾಮವೆಂದು ತಿಳಿದವರು.

"ಯಾವ ಟೀಮಿಗೆ ಹೋಗ್ತೀ ಅಂತ ಹುಡುಗನ್ನ ಕೇಳೂದಿಲ್ಲೇನು?" ಎಂದರು.

"ಕೇಳೂದಿಲ್ಲಂತರಿ. ಅವನ ಹೆಸರು ತಗೊಂಡ್ರ ಅವ ಆ ಟೀಮಿಗೆ ಅಂತ ಆತು. ಆದ್ರ ರಷ್ಯಾದ ಹುಡುಗ್ರು ಲಗೂನ ಬರಂಗಿಲ್ಲಂತ. ಅಲ್ಲಿ ಕರಾರು ಮುಗೀಬೇಕು, ವೀಸಾ ಆಗಬೇಕು. ಕೆಲವರು ಬರೂದ ಇಲ್ಲಂತ."

"ಬರದ ಇರೂ ಹುಡುಗನ್ನ ಆರಿಸ್ಕೊಂಡು ಏನ ಮಾಡ್ತಾರ?"

"ಕಾಯ್ತಾರ."

ಅವರು ಚಹಾದ ಕಪ್ಪು ಕೆಳಗಿಟ್ಟು, "ಚಲೋ ಮಂದಿ," ಎಂದರು. ವ್ಯಂಗ್ಯವೋ ಮೆಚ್ಚುಗೆಯೋ ತಿಳಿಯಲಿಲ್ಲ.

ಮುಂದಿನ ವಾರಗಳಲ್ಲಿ ನನ್ನ ಊಟದ ಬಿಡುವು ಕೋಸ್ತ್ಯಾನಿಗೆ ಮೀಸಲಾಯಿತು. ಲರೀಸಾ ಡಬ್ಬಿಯಲ್ಲಿ ಎಲೆಕೋಸಿನ ಪೈ ತರುವಳು. ನಾನು ಚಪಾತಿ, ಎಣ್ಣೆಗಾಯಿ ಬಿಚ್ಚುವೆ. ನಡುವೆ ಫೋನು. 'ಎತ್ತರವಿದೆ, ಮೈ ಇನ್ನೂ ತುಂಬಿಲ್ಲ.' 'ಎಡಕ್ಕೆ ತಿರುಗುವಾಗ ನಿಧಾನ.' ಒಂದು ದಿನ ಒಬ್ಬ ಪಂಡಿತ ಬರೆದದ್ದು ಸಿಕ್ಕಿತು: ಈ ಹುಡುಗನ ಸೀಲಿಂಗ್ ತಗ್ಗು, ಫ್ಲೋರ್ ಎತ್ತರ. ಅರ್ಥವಾಗದಿದ್ದರೂ ನಾನು ಇದ್ದುದನ್ನು ಇದ್ದ ಹಾಗೆ ರಷ್ಯನ್ನಿಗೆ ಇಳಿಸಿದೆ. ಲರೀಸಾ ಕಂಗಾಲಾದಳು. "ಅವನ ಹಾಸ್ಟೆಲ್ ಖೋಲಿ ಇವ್ರಿಗೆ ಯಾರು ತೋರಿಸಿದ್ರು? ತಗ್ಗ ಐತಿ ನಿಜ. ಮ್ಯಾಲಿನ ಮಂಚದಾಗ ಮಲಗಿದ್ರ ಎದ್ದ ಕೂಡಾಕ ಆಗೂದಿಲ್ಲ."

ಮನೆಯ ಇಂಜಿನಿಯರನ್ನು ಕೇಳಬೇಕಾಯಿತು. ಅವರು ನೆಟ್ಟಿನಲ್ಲಿ ಹುಡುಕಿ ವಿವರಿಸಿದರು. ಬೆಳೆದರೆ ಎಲ್ಲಿಯವರೆಗೆ ಬೆಳೆದಾನು ಅನ್ನುವುದು ಸೀಲಿಂಗ್, ಬಿದ್ದರೆ ಎಲ್ಲಿಗಿಂತ ಕೆಳಗೆ ಬೀಳಲಾರ ಅನ್ನುವುದು ಫ್ಲೋರ್. "ಅಂದ್ರ ದೊಡ್ಡ ಹೀರೋ ಆಗಂಗಿಲ್ಲ, ಪೂರಾ ಕೆಟ್ಟೂ ಹೋಗಂಗಿಲ್ಲ. ನಮ್ಮಂಥಾವ," ಎಂದರು. ನಾನು ಆ ರಾತ್ರಿ ಪಾತ್ರೆ ತೊಳೆಯುತ್ತ ನಮ್ಮ ಗುರುತಿನವರನ್ನೆಲ್ಲ ಮನಸ್ಸಿನಲ್ಲೇ ಅವರವರ ಸೀಲಿಂಗಿನ ಕೆಳಗೆ ನಿಲ್ಲಿಸಿ ನೋಡಿದೆ. ಹೆಚ್ಚಿನವರು ಸ್ವಲ್ಪ ಬಗ್ಗಿ ನಿಂತಿದ್ದರು.

ಅಳೆಯುವ ಚಟ ಮನುಷ್ಯನಿಗೆ ಎಲ್ಲಿಂದ ಬಂತೋ. ಇಲ್ಲಿನ ತರಕಾರಿ ಮಾರುಕಟ್ಟೆಯಲ್ಲಿ ಶುಕ್ರವಾರ ಬೆಳಿಗ್ಗೆ ಕಲ್ಲಂಗಡಿಯ ರಾಶಿಯ ಮುಂದೆ ನಿಂತು ನೋಡಿ. ಪ್ರತಿಯೊಬ್ಬರೂ ಹಣ್ಣನ್ನು ಎತ್ತಿ, ಬೆರಳಿಂದ ತಟ್ಟಿ, ಕಿವಿಗೆ ಹಿಡಿದು, ಹುಬ್ಬು ಗಂಟಿಕ್ಕುತ್ತಾರೆ. ನಾನೂ ಸ್ಟೆತಾಸ್ಕೋಪಿನ ಅನುಭವವನ್ನೆಲ್ಲ ಬಳಸಿ ತಟ್ಟಿ ಕೇಳುತ್ತೇನೆ. ಮನೆಗೆ ತಂದು ಕೊಯ್ದರೆ ಒಳಗೆ ಬಿಳಿ. ಮದುವೆಗೆ ಮುಂಚೆ ನನ್ನನ್ನೂ ಹೀಗೆ ತಟ್ಟಿ ನೋಡಿದ್ದರು. ಚಹಾ ಕೊಡಲು ಬಂದವಳನ್ನು ಗಂಡಿನ ಕಡೆಯ ಅತ್ತೆಯೊಬ್ಬರು ಬಾಗಿಲಿನಿಂದ ಕಿಟಕಿಯವರೆಗೆ ನಡೆಸಿ, "ನಡಿಗಿ ಚಲೋ ಐತಿ. ಆದ್ರ ರಷ್ಯಾದ ನೀರು ಕುಡದಾಳ," ಎಂದು ತೀರ್ಪು ಕೊಟ್ಟರು. ಆ ನೀರಿನಿಂದ ಏನಾಗುತ್ತದೆಂದು ಅವರೂ ಹೇಳಲಿಲ್ಲ, ನನಗೂ ಇವತ್ತಿನವರೆಗೆ ತಿಳಿದಿಲ್ಲ.

ಡ್ರಾಫ್ಟಿಗೆ ಸ್ವಲ್ಪ ಮೊದಲು ಓದಿದ ಒಂದು ಬರಹದಲ್ಲಿ ಮಾತ್ರ ನಾನು ನಡುವೆ ನಿಂತೆ. ಲರೀಸಾ ನನ್ನ ಮುಖ ನೋಡಿದಳು. "ಓದ್ರಿ ಡಾಕ್ಟರ್. ಎಂಥಾದಿದ್ರೂ ಓದ್ರಿ."

'ಹುಡುಗ ಬೆಂಚಿನಲ್ಲಿ ಯಾರೊಂದಿಗೂ ಮಾತಾಡುವುದಿಲ್ಲ. ಆಟದ ನಡುವೆ ಜೊತೆಗಾರರನ್ನು ಕೂಗಿ ಎಚ್ಚರಿಸುವುದೂ ಇಲ್ಲ. ತಂಡದಲ್ಲಿ ಬೆರೆಯುವನೇ ಎಂಬುದು ಸಂದೇಹ. ತಂಡಗಳು ಯೋಚಿಸುವುದು ಒಳಿತು.'

ಅವಳು ಪೈ ಅನ್ನು ಡಬ್ಬಿಗೆ ವಾಪಸಿಟ್ಟು ಮುಚ್ಚಳ ಹಾಕಿದಳು.

"ಅವ ಉಗ್ಗತಾನ್ರೀ," ಎಂದಳು. "ಸಣ್ಣಂವ ಇದ್ದಾಗಿಂದ. ಸಾಲ್ಯಾಗ ಎದ್ದು ನಿಂತ ಉತ್ತರ ಹೇಳಂದ್ರ ಹುಡುಗ್ರೆಲ್ಲಾ ನಗತಿದ್ರು. ಐಸ್ ಮ್ಯಾಲೆ ಮಾತಾಡೂದ ಬ್ಯಾಡಲ್ಲ, ಅದಕ್ಕ ಹಾಕಿ ಹಿಡದ. ಕೂಗೂದಿಲ್ಲ ನಿಜ. ಕೋಲಿಂದ ಐಸ್ ಮ್ಯಾಲೆ ಬಡೀತಾನ. ಜೊತಿ ಹುಡುಗ್ರಿಗೆ ಅದು ತಿಳೀತೈತಿ."

ಅವಳು ಅವನ ಒಂದು ಆಟದ ವಿಡಿಯೋ ಹಾಕಿ ದನಿ ಜೋರು ಮಾಡಿದಳು. ಅಲ್ಲಿಯವರೆಗೆ ನಾನು ಆ ಆಟವನ್ನು ಕಣ್ಣಿಂದಷ್ಟೇ ನೋಡಿದ್ದೆ. ಈಗ ಕೇಳಿಸಿತು. ಜನರ ಗದ್ದಲದ ಕೆಳಗೆ, ಸ್ಕೇಟುಗಳು ಐಸನ್ನು ಸೀಳುವ ಸದ್ದಿನ ನಡುವೆ, ಟಕ್ ಟಕ್. ಎಡಗಡೆಯ ಹುಡುಗ ತಿರುಗಿಯೂ ನೋಡದೆ ಬಿಲ್ಲೆಯನ್ನು ಸದ್ದು ಬಂದ ಕಡೆ ಬಿಟ್ಟ. ಸ್ವಲ್ಪ ಹೊತ್ತಿಗೆ ಮತ್ತೆ ಟಕ್, ಇನ್ನೊಬ್ಬ ತಟ್ಟನೆ ಪಕ್ಕಕ್ಕೆ ಸರಿದ. ಕಿಟಕಿಯಾಚೆ ಬೆಳ್ಳನೆಯ ಬಿಸಿಲಿನಲ್ಲಿ ಒಂದು ಎಲೆಯೂ ಅಲ್ಲಾಡುತ್ತಿರಲಿಲ್ಲ. ನಾವಿಬ್ಬರೂ ಕಣ್ಣು ಮುಚ್ಚಿ ದೂರದ ಆ ಹುಡುಗ ಮಾತಾಡುವುದನ್ನು ಕೇಳುತ್ತ ಕೂತೆವು.

"ಇದನ್ನ ಬರದವ್ರಿಗೆ ನಿಜ ಸಂಗತಿ ತಿಳಸ್ತೀನಿ," ಎಂದೆ ಆಮೇಲೆ. ನನಗೆ ಕೋಪ ಬಂದಿತ್ತು.

ಲರೀಸಾ ವಿಡಿಯೋ ನಿಲ್ಲಿಸಿ ಫೋನನ್ನು ಬೋರಲು ಇಟ್ಟಳು. "ಬ್ಯಾಡ್ರಿ. ಅದನ್ನ ಹೇಳಬೇಕೋ ಬ್ಯಾಡೋ ಅನ್ನೂದು ಅವನ ಕೈಯಾಗಿಂದು. ನಾ ಹೇಳಿದ್ರ ಅವನ ಬಾಯಿ ನಾನ ಮುಚ್ಚಿದಂಗ ಆಕ್ಕೈತಿ," ಎಂದಳು. ಹೇಳಿದರೆ ಮಗನನ್ನು ಯಾರಾದರೂ ಆರಿಸಿಯಾರು ಎಂಬ ಆಸೆ ಅವಳ ಮುಖದಲ್ಲೇ ಇತ್ತು. ಆದರೂ ಹೇಳಲಿಲ್ಲ.

ಡ್ರಾಫ್ಟಿನ ಕೊನೆಯ ಸುತ್ತುಗಳು ನಡೆದಾಗ ಇಲ್ಲಿ ಸಂಜೆ ಕಳೆದಿತ್ತು. ಲರೀಸಾಳಿಗೆ ಕ್ಲಾಸ್ ತಪ್ಪಿಸುವಂತಿರಲಿಲ್ಲ. ಹಾಗಾಗಿ ನಾನು ಸ್ವೆಟರ್ ಹಾಕಿಕೊಂಡು, ಶಾಲು ಹೊದ್ದು, ರಿಂಕಿನ ಕಟಕಟೆಗೆ ಆತು ಫೋನ್ ನೋಡುತ್ತ ನಿಂತೆ. ಪಕ್ಕದಲ್ಲಿ ಬಸವರಾಜರು, ಬರೀ ಅರ್ಧ ತೋಳಿನ ಶರ್ಟಿನಲ್ಲಿ ನಡುಗುತ್ತ. ಐಸಿನ ಮೇಲೆ ಬಣ್ಣಬಣ್ಣದ ದೀಪಗಳ ಬೆಳಕು. ಸಣ್ಣ ಮಕ್ಕಳು ಬೀಳುತ್ತ ಏಳುತ್ತ ಗುಂಡಗೆ ಸುತ್ತುತ್ತಿದ್ದರು. ಲರೀಸಾ ಹಿಮ್ಮುಖವಾಗಿ ಜಾರುತ್ತ, "ಯಲ್ಲಾ, ಯಲ್ಲಾ" ಎಂದು ಕರೆಯುತ್ತಿದ್ದಳು. ನಡೀರಿ ನಡೀರಿ ಎಂದು ಅರ್ಥ; ಅವಳಿಗೆ ಬರುವ ಅರಬ್ಬಿ ಅಷ್ಟೇ. ಕೋಸ್ತ್ಯಾ ಮಾತ್ರ ಅಜ್ಜನ ಜೊತೆ ಹೊಳೆಗೆ ಮೀನು ಹಿಡಿಯಲು ಹೋಗಿಬಿಟ್ಟಿದ್ದ, ಫೋನಿಗೆ ಸಿಗ್ನಲ್ ಸಿಗದ ಕಡೆಗೆ.

ಹೆಸರುಗಳು ಒಂದೊಂದಾಗಿ ಬರುತ್ತಿದ್ದವು. ಫಿನ್ಲೆಂಡಿನವನು, ಕೆನಡಾದವನು, ಮತ್ತೊಬ್ಬ ಕೆನಡಾದವನು. ರಿಂಕಿನ ಸುತ್ತ ಬಂದಾಗಲೆಲ್ಲ ಲರೀಸಾ ನನ್ನ ಕಡೆ ಒಮ್ಮೆ ನೋಡುವಳು. ನಾನು ತಲೆ ಅಲ್ಲಾಡಿಸುವೆ. ಕೊನೆಗೆ ಅವಳು ನೋಡುವುದನ್ನೇ ಬಿಟ್ಟಳು.

"ಖಲಾಸ್ ಅನಸ್ತೈತಿ," ಎಂದು ಬಸವರಾಜರು ಮೆಲ್ಲಗೆ ಹೇಳಿದರು. ಅವರು ಹೇಳಿ ಮುಗಿಸುವಷ್ಟರಲ್ಲಿ ಪರದೆಯ ಮೇಲೆ ಯಾರೋ ಕೋಸ್ತ್ಯಾನ ಹೆಸರನ್ನು ಗುರುತೇ ಸಿಗದಂತೆ ತಿರುಚಿ ಓದಿದರು. ಅಕ್ಷರಗಳನ್ನು ನೋಡಿ ನನಗೆ ತಿಳಿಯಿತು.

"ಲರೀಸಾ!" ಎಂದು ಕಿರುಚಿದೆ. ಆ ದನಿ ನನ್ನದೇ ಎಂದು ನಂಬುವುದಕ್ಕೆ ಹೊತ್ತು ಹಿಡಿಯಿತು. ಅವಳ ಕೈ ಹಿಡಿದು ಒಂದು ಪುಟ್ಟ ಒಮಾನಿ ಹುಡುಗಿ ಜೀವನದ ಮೊದಲ ಹೆಜ್ಜೆಗಳನ್ನು ಐಸಿನ ಮೇಲೆ ಇಡುತ್ತಿದ್ದಳು. ಲರೀಸಾ ತಿರುಗಲಿಲ್ಲ. ಹುಡುಗಿಯ ಕಣ್ಣಲ್ಲೇ ಕಣ್ಣಿಟ್ಟು, ಹಿಂದೆ ಹಿಂದೆ ಸರಿಯುತ್ತ, ಅವಳು ಕಟಕಟೆ ಮುಟ್ಟುವವರೆಗೆ ಕೈ ಬಿಡಲಿಲ್ಲ. ಆಮೇಲೆ ನನ್ನ ಹತ್ತಿರ ಬಂದು, ಕಟಕಟೆಯ ಮೇಲೆ ತಲೆಯಿಟ್ಟು ಅತ್ತಳು. ಬಸವರಾಜರು ಏನು ಮಾಡಬೇಕೆಂದು ತಿಳಿಯದೆ ಆ ಪುಟ್ಟ ಹುಡುಗಿಗೆ ಚಪ್ಪಾಳೆ ತಟ್ಟಿದರು.

ಕೋಸ್ತ್ಯಾ ಮರುದಿನ ಫೋನ್ ಮಾಡಿ ಮೊದಲು ಮೀನಿನ ಸುದ್ದಿ ಹೇಳಿದನಂತೆ. ಡ್ರಾಫ್ಟಿನ ಬಗ್ಗೆ ಅಂದದ್ದು ಇಷ್ಟೇ: "ಅಮ್ಮಾ, ಅವ್ರು ಫೋನ್ ಮಾಡ್ತಾರಂತ. ನಾ ಮಾತಾಡಬೇಕಂತ." ಆಟದ ಯಾವ ಎದುರಾಳಿಗೂ ಹೆದರದ ಹುಡುಗನಿಗೆ ಆ ಫೋನಿನ ಹೆದರಿಕೆ. ಪಂಡಿತರೂ ಅಷ್ಟರಲ್ಲಿ ಅವನನ್ನು ಆರಿಸಿದ ತಂಡಕ್ಕೆ ಅಂಕ ಕೊಟ್ಟು ಮುಗಿಸಿದ್ದರು. ಬರುವನೋ ಇಲ್ಲವೋ ತಿಳಿಯದ ಮೌನಿ ಹುಡುಗನಿಗಾಗಿ ಒಂದು ಸರದಿ ಹಾಳು ಮಾಡಿಕೊಂಡರು ಎಂದು ಒಬ್ಬ ಬರೆದಿದ್ದ.

ಕೆಲವು ದಿನಗಳ ಮೇಲೆ ತಂಡದವರೊಬ್ಬರು ತಾಯಿಯ ಜೊತೆಗೂ ಮಾತಾಡಬೇಕೆಂದರು. ದುಭಾಷಿ ನಾನೇ. ನನ್ನ ಕ್ಲಿನಿಕ್ಕಿನ ಮೇಜಿನ ಮೇಲೆ ಫೋನನ್ನು ಔಷಧಿಯ ಡಬ್ಬಕ್ಕೆ ಆನಿಸಿ ನಿಲ್ಲಿಸಿದೆವು. ಪರದೆಯಲ್ಲಿ ಕಾಣಿಸಿದ್ದು ನಡುವಯಸ್ಸಿನ, ನಿದ್ದೆಗಣ್ಣಿನ ಮನುಷ್ಯ. ಅಲ್ಲಿ ಆಗತಾನೇ ಬೆಳಗಾಗಿತ್ತು. ಅವರು ಆಟದ ಬಗ್ಗೆ, ಊಟದ ಬಗ್ಗೆ, ತರಬೇತಿಯ ಬಗ್ಗೆ ಹೇಳಿದರು. ಆಮೇಲೆ, ನಿಮಗೇನಾದರೂ ಕೇಳುವುದಿದೆಯೇ ಎಂದರು.

ಲರೀಸಾ ಬೆನ್ನು ನೆಟ್ಟಗೆ ಮಾಡಿದಳು. ನನಗೆ, "ಕೋಸ್ತ್ಯಾನ್ನ ಕೇಳೀನಿ. ಹೇಳು ಅಂದಾನ," ಎಂದಳು. ಆಮೇಲೆ ಪರದೆಯ ಕಡೆ ತಿರುಗಿ ಕೇಳಿದಳು. "ನನ್ನ ಮಗಗ ಮಾತು ತಡೀತೈತಿ. ಒಂದೊಂದ ಸಲ ಭಾಳ ಹೊತ್ತು ತಡೀತೈತಿ. ನಿಮ್ಮ ಕೋಚ್ ಅವ ಹೇಳಿ ಮುಗಸೂತನಾ ಕಾಯ್ತಾರೇನು, ಇಲ್ಲಾ ನಡುವ ಅವನ ಮಾತು ತಾವ ಪೂರ್ತಿ ಮಾಡ್ತಾರೇನು?"

ನಾನು ಅದನ್ನು ಇಂಗ್ಲಿಷಿಗೆ ತಂದೆ. ಆ ಮನುಷ್ಯ ಪರದೆಯ ಹತ್ತಿರಕ್ಕೆ ಬಾಗಿದರು. ಕಣ್ಣಿನ ನಿದ್ದೆ ಹೋಗಿತ್ತು.

"ಅವನು ಇಲ್ಲಿಗೆ ಬರಲಿ ಅಂತ ನಾವು ವರ್ಷಗಟ್ಟಲೆ ಕಾಯೋದಕ್ಕೆ ತಯಾರಾಗಿದ್ದೀವಿ ಮೇಡಂ," ಎಂದರು. "ಒಂದು ವಾಕ್ಯಕ್ಕೆ ಕಾಯಲ್ವಾ?"

ನಾನು ಅದನ್ನು ರಷ್ಯನ್ನಿನಲ್ಲಿ ಹೇಳಿದೆ. ಲರೀಸಾ ತಲೆಯಾಡಿಸಿ, ಅವರಿಗೆ ವಂದಿಸಿ, ಫೋನ್ ಇಟ್ಟಳು. ಆಮೇಲೆ ನನ್ನ ಕಡೆ ತಿರುಗಿದಳು.

"ಡಾಕ್ಟರ್, ಅವ್ರು ಹೇಳಿದ್ದನ್ನ ಇಂಗ್ಲಿಷಿನ್ಯಾಗ ಇನ್ನೊಮ್ಮೆ ಹೇಳ್ರಿ. ನಾ ಕಲೀಬೇಕು. ಕೋಸ್ತ್ಯಾಗ ಹಂಗ ಹೇಳಬೇಕು."

ನಾನು ಬಿಡಿಸಿ ಬಿಡಿಸಿ ಹೇಳಿಕೊಟ್ಟೆ. ಅವಳು ಒಂದೊಂದೇ ಪದವನ್ನು, ಐಸಿಗೆ ಮೊದಲ ಸಲ ಇಳಿದವರ ಹಾಗೆ, ಇಡುತ್ತ ಹೋದಳು. ನಡುವೆ ಒಂದು ಪದ ಅವಳ ನಾಲಗೆಗೆ ಸಿಗಲಿಲ್ಲ. ತುಟಿ ಅಲ್ಲಾಡಿತು, ದನಿ ಹೊರಡಲಿಲ್ಲ. ಆ ಪದ ನನ್ನ ಬಾಯಿಯ ತುದಿಯಲ್ಲೇ ಇತ್ತು. ನುಂಗಿಕೊಂಡು ಸುಮ್ಮನೆ ಕೂತೆ.