ಕೊಸರಿಲ್ಲದ ಕಡ್ಲೆಪುರಿ

ಹಾಸನದ ಬಸ್‌ಸ್ಟ್ಯಾಂಡಿನ ಹೊರಗೆ ಗಾಡಿಯವನೊಬ್ಬ ಮರಳಿನಲ್ಲಿ ಕಡಲೆಕಾಯಿ ಹುರಿಯುತ್ತಿರುತ್ತಾನೆ. ಆ ಕಾದ ಮರಳಿನ ವಾಸನೆ ಮೂಗಿಗೆ ಬಡಿದರೆ ಸಾಕು, ಹತ್ತಬೇಕಾದ ಬಸ್ಸು ಮರೆತು ಹೊಳೆನರಸೀಪುರದ ನಮ್ಮ ಪುರಿಭಟ್ಟಿಯ ಮುಂದೆ ನಿಂತಿರುತ್ತೇನೆ. ಈಗ ಆ ಭಟ್ಟಿಯೂ ಇಲ್ಲ, ಮನೆಯೂ ಇಲ್ಲ. ಆಗ ಮುಂದೆ ಅಂಗಡಿ, ನಡುವೆ ಮನೆ, ಹಿತ್ತಿಲಲ್ಲಿ ಭಟ್ಟಿ. ಅಪ್ಪ ಬಾಣಲೆಯ ಮರಳಿಗೆ ಅಕ್ಕಿ ಸುರಿದು ಕೈಯಾಡಿಸಿದರೆ ಮನೆಯೆಲ್ಲ ಚಟಪಟ. ನಮ್ಮ ತಲೆದಿಂಬಿಗೂ, ಪಾಠದ ಪುಸ್ತಕಕ್ಕೂ, ಕೊನೆಗೆ ದೇವರ ಗೂಡಿನ ವಿಭೂತಿಗಟ್ಟಿಗೂ ಅದೇ ಘಮ. ಅಂಗಡಿಯಲ್ಲಿ ಕೂರುವವಳು ಅಜ್ಜಿ. ಸೇರಿನಲ್ಲಿ ಅಳೆದು ಗಿರಾಕಿಯ ಚೀಲಕ್ಕೆ ಸುರಿದ ಮೇಲೆ, ಅವರು ಕೇಳುವ ಮೊದಲೇ ಇನ್ನೊಂದು ಬೊಗಸೆ ಕೊಸರು ಹಾಕುತ್ತಿದ್ದಳು. ಎದುರುಮನೆಯ ಪುಟ್ಟಮ್ಮನಿಗಂತೂ ಕೊಸರಿನ ಮೇಲೂ ಕೊಸರು, ಜೊತೆಗೆ ಸೊಸೆಯ ಮೇಲಿನ ದೂರು ಕೇಳುವ ಪುರುಸೊತ್ತು. ನಿಮ್ಮೂರಲ್ಲೂ ಇಂಥದೊಂದು ಕೈ ಇದ್ದಿರಬೇಕು, ಅದಕ್ಕೇ ನಿಮ್ಮ ಹತ್ತಿರ ಹೇಳುತ್ತಿದ್ದೇನೆ.

ಪೇಟೆಯ ಅಂಗಡಿಗಳಲ್ಲಿ ಕಂಪನಿಯ ಬಣ್ಣದ ಪ್ಯಾಕೆಟ್ಟುಗಳು ತೂಗಾಡತೊಡಗಿದಾಗ ಅಪ್ಪ ಹೆದರಿದ. ಹೆದರಿದರೂ ಕೈಕಟ್ಟಿ ಕೂರುವ ಆಸಾಮಿಯಲ್ಲ. ಹಾಸನದಲ್ಲಿ ಸಣ್ಣ ವ್ಯಾಪಾರಿಗಳಿಗೆ ಯಾರೋ ನಡೆಸಿದ ತರಬೇತಿಗೆ ಹೋಗಿ, ಹೊಸದನ್ನು ಕಲಿತವನೇ ಉಳಿಯುತ್ತಾನೆ ಎಂದು ನಂಬಿ ಬಂದ. ಪ್ಯಾಕೆಟ್ಟಿನ ಬಾಯಿ ಅಂಟಿಸುವ ಯಂತ್ರ ತಂದ. ಖಾರದ ಪುರಿ, ಬೆಳ್ಳುಳ್ಳಿ ಪುರಿ ಮಾಡಿದ. ಅಜ್ಜಿಯ ಹೆಸರಿನ ಚೀಟಿ ಅಂಟಿಸಿದ. ಬಂದವರಿಗೆಲ್ಲ ಬಿಡಿ ಪದಾರ್ಥದ ಮೇಲೆ ಕೂರುವ ಧೂಳಿನ ಬಗ್ಗೆ ಪಾಠ ಹೇಳಿದ. ಬಾಯಿ ಅಂಟಿಸಿದ ಪ್ಯಾಕೆಟ್ಟಿಗೆ ಕೊಸರು ಹಾಕುವುದೆಲ್ಲಿ?

"ಕೊಸರಿಲ್ದಿದ್ರೆ ಇನ್ನೊಂದ್ಸಲ ಯಾಕ್ಲಾ ಬತ್ತಾರೆ?" ಎಂದಳು ಅಜ್ಜಿ. ಅಪ್ಪ ನಕ್ಕುಬಿಟ್ಟ.

ಮೊದಮೊದಲು ಊರು ಮೆಚ್ಚಿತು. ಅರಕಲಗೂಡು, ಚನ್ನರಾಯಪಟ್ಟಣದ ಅಂಗಡಿಗಳಿಗೂ ಅಪ್ಪ ಪ್ಯಾಕೆಟ್ಟು ಹೊತ್ತ. ಅಲ್ಲಿ ಕಂಪನಿಯದರ ಪಕ್ಕ ನೇತುಬಿದ್ದ ನಮ್ಮದು ಬಡಪಾಯಿಯಂತೆ ಕಾಣುತ್ತಿತ್ತು, ಬೆಲೆಯೂ ತುಸು ಜಾಸ್ತಿ. ಮೂಟೆಗಳು ಕಟ್ಟಿದ ಹಾಗೇ ವಾಪಸು ಬಂದವು. ಅಷ್ಟರಲ್ಲಿ ಅಜ್ಜಿ ತೀರಿಕೊಂಡಿದ್ದಳು. ಅಪ್ಪ ಯಂತ್ರವನ್ನು ಮೂಲೆಗಿಟ್ಟು, ಮತ್ತೆ ಸೇರು ಹಿಡಿದು ಅವಳ ಜಾಗದಲ್ಲಿ ಕೂತ. ಇದಾದರೂ ನಮ್ಮ ಕೈ ಹಿಡಿಯುತ್ತದೆಂದು ನಾವೆಲ್ಲ ಆಸೆಪಟ್ಟೆವು. ಪುಟ್ಟಮ್ಮ ಬಂದಳು. ಅಪ್ಪ ಸೇರು ಅಳೆಯುವುದನ್ನೂ ಮರೆತು, ಮೊದಲು ಕೊಸರನ್ನೇ ಬೊಗಸೆ ತುಂಬ ಎತ್ತಿದ. ಅವಳು ಚೀಲದ ಬಾಯಿ ಮುಚ್ಚಿಕೊಂಡಳು.

"ಬಿಡೀದು ಬ್ಯಾಡ ಕಣಣ್ಣ, ಮನೇಲಿ ಮಕ್ಳವೆ. ಧೂಳಿರ್ತದೆ ಅಂತ ನೀನೇ ಏಳ್ಕೊಟ್ಟಿದ್ದಲ್ಲ."

ಮೇಷ್ಟ್ರ ಮುಂದೆ ಪಾಠ ಒಪ್ಪಿಸುವಷ್ಟು ವಿನಯವಿತ್ತು ಅವಳ ದನಿಯಲ್ಲಿ. ನೆನೆದರೆ ಈಗಲೂ ನನಗೆ ಸಿಟ್ಟು ಬರುತ್ತದೆ, ಯಾರ ಮೇಲೆಂದು ಗೊತ್ತಾಗುವುದಿಲ್ಲ. ತಾನೊಬ್ಬನೇ ಕಲಿತಿದ್ದರೆ ಅಪ್ಪ ಮರೆತುಬಿಡಬಹುದಿತ್ತು, ಊರಿಗೇ ಕಲಿಸಿಬಿಟ್ಟಿದ್ದ. ಪುಟ್ಟಮ್ಮ ರಸ್ತೆ ದಾಟಿ ಹೋದ ಮೇಲೂ, ಆ ಪುರಿಯನ್ನು ಎಲ್ಲಿ ಹಾಕಬೇಕೆಂದು ತಿಳಿಯದೆ, ಅಪ್ಪ ಬೊಗಸೆ ಹಿಡಿದೇ ನಿಂತಿದ್ದ.