ಗೊಂಬೆ ಮೆಟ್ಟಿಲು ಹತ್ತಿದ ಈಜಿಪ್ಟಿನ ದೇವತೆ

ನುಸಿಗುಳಿಗೆಯ ವಾಸನೆ ನಿಮಗೂ ಗೊತ್ತಿರಬೇಕು. ಹೋದ ವಾರ ಫಾರ್ಮಿಂಗ್ಟನ್ ಹಿಲ್ಸಿನ ನಮ್ಮ ಮನೆಯ ಬೇಸ್‌ಮೆಂಟಿನಲ್ಲಿ ದಸರಾ ಗೊಂಬೆಗಳ ಪೆಟ್ಟಿಗೆ ತೆಗೆದಾಗ ಅದು ಮೂಗಿಗೆ ಹೊಡೆಯಿತು. ಆರು ವರ್ಷದಿಂದ ಗೊಂಬೆ ಕೂರಿಸಿರಲಿಲ್ಲ. ಈಗಷ್ಟೇ ಕೆಲಸಕ್ಕೆ ಸೇರಿ ಲೊಂಬಾರ್ಡ್ ಎಂಬ ಊರಿನಲ್ಲಿರುವ ಮಗಳು ಮೇಘಾ ಫೋನ್ ಮಾಡಿದ್ದಳು. "ಅಪ್ಪಾ, ಈ ಸಲ ನನ್ನ ಅಪಾರ್ಟ್‌ಮೆಂಟಲ್ಲಿ ಗೊಂಬೆ ಕೂರಿಸ್ತೀನಿ. ಅಮ್ಮನ ಬಾಕ್ಸ್ ತಂದ್ಕೊಡ್ತೀಯಾ?"

"ತರ್ತೀನಿ ಬಿಡು" ಎಂದೆನೇನೋ ನಿಜ. ಆದರೆ ಪೆಟ್ಟಿಗೆಯಲ್ಲಿ ಅವಳು ಮಾಡಿದ್ದ ಗೊಂಬೆ ಇರಲಿಲ್ಲ. ಅದು ನನಗೊಬ್ಬನಿಗೇ ಗೊತ್ತು ಎಂದುಕೊಂಡಿದ್ದೆ.

ನನ್ನ ಹೆಂಡತಿ ಸುಧಾ ಮೈಸೂರಿನವಳು. ವರ್ಷಕ್ಕೊಂದಾದರೂ ಹೊಸ ಗೊಂಬೆ ಮೆಟ್ಟಿಲು ಹತ್ತಲೇಬೇಕು ಅನ್ನುವುದು ಅವಳ ಹಟ. ಇಲ್ಲಿ, ಈ ಪರದೇಶದಲ್ಲಿ, ಹೊಸ ಗೊಂಬೆ ಎಲ್ಲಿಂದ ತರೋಣ ಹೇಳಿ? ಒಂದು ವರ್ಷ ಕ್ರಿಸ್‌ಮಸ್ಸಿನ ಸ್ನೋಮ್ಯಾನ್ ಶೆಟ್ಟರ ಗೊಂಬೆಯ ಪಕ್ಕ ಕೂತು ಆರತಿ ಮಾಡಿಸಿಕೊಂಡಿತ್ತು. ಮೇಘಾಳಿಗೆ ಹದಿನಾರಾದ ವರ್ಷ ಅವಳೇ ಒಂದು ಮಣ್ಣಿನ ಗೊಂಬೆ ಮಾಡಿದಳು. ಗೆಳತಿಯರ ಜೊತೆ ದಾಳ ಉರುಳಿಸಿ ಆಡುವ ಮಾಯಾಲೋಕದ ಆಟವೊಂದರಲ್ಲಿ ಅವಳದು ನೆಫ್ತಿಸ್ ಎಂಬ ಪಾತ್ರ. ಹಳೆಯ ಈಜಿಪ್ಟಿನಲ್ಲಿ ಸತ್ತವರಿಗಾಗಿ ಅಳುವ ದೇವತೆಯಂತೆ. ನಮ್ಮ ಹುಡುಗಿ ಆ ದೇವತೆಯ ಕೈಗೊಂದು ಕತ್ತಿ ಕೊಟ್ಟು, ಅರಿಶಿನ ಕುಂಕುಮದಲ್ಲಿ ಬಂದ ರವಿಕೆ ಕಣ ಕತ್ತರಿಸಿ ಹದ್ದಿನ ರೆಕ್ಕೆ ಅಂಟಿಸಿದ್ದಳು.

"ಅವಳ ಕಣ್ಣೀರು ಬಿದ್ದಲ್ಲೆಲ್ಲ ಲೈಟ್ ಬರುತ್ತೆ ಅಪ್ಪಾ. ಸತ್ತವರಿಗೆ ದಾರಿ ಕಾಣುತ್ತೆ."

"ಹಬ್ಬದ ದಿನ ಅಳುಮುಂಜಿ ದೇವರು ಯಾಕಮ್ಮಾ? ನಮ್ಮ ಮುಕ್ಕೋಟಿ ದೇವರು ಸಾಲಲಿಲ್ವಾ?" ಎಂದು ನಾನು ರೇಗಿಸಿದೆ.

"ಸುಮ್ನಿರ್ರೀ, ಮಗು ಕೈಯಾರೆ ಮಾಡಿದೆ" ಎಂದ ಸುಧಾ, ಅದನ್ನು ಪಟ್ಟದ ಗೊಂಬೆಗಳ ಪಕ್ಕದಲ್ಲೇ ಕೂರಿಸಿದಳು.

ಡಿಸೆಂಬರಿನಲ್ಲಿ ಸುಧಾಳಿಗೆ ಕ್ಯಾನ್ಸರ್ ಎಂದರು. ಯುಗಾದಿಗೆ ಅವಳಿರಲಿಲ್ಲ.

ಮುಂದಿನದನ್ನು ಹೇಳಲು ನನಗೆ ನಾಚಿಕೆ. ನಾನು ಇಂಜಿನಿಯರು. ಕಾರಿನ ಬ್ರೇಕು ಯಾಕೆ ಕೆಟ್ಟಿತೆಂದು ಕಾರಣ ಹುಡುಕಿ ಹೊಟ್ಟೆ ಹೊರೆಯುವವನು. ಬೆಕ್ಕು ಅಡ್ಡ ಬಂತೆಂದು ನಿಂತವರನ್ನು ಕಂಡು ನಕ್ಕವನು. ಅಂಥವನ ತಲೆಯಲ್ಲಿ, ವೈಕುಂಠ ಸಮಾರಾಧನೆಯ ಮಾರನೆಯ ದಿನ, ಹುಳ ಹೊಕ್ಕಿತು: ಸಾವಿಗೆ ಅಳುವವಳನ್ನು ಮನೆಯಲ್ಲಿ ಕೂರಿಸಿದ್ದಕ್ಕೇ ಹೀಗಾಯಿತು. ಮೇಘಾ ಸ್ಕೂಲಿಗೆ ಹೋಗುವುದನ್ನೇ ಕಾದು, ಪೆಟ್ಟಿಗೆಯಿಂದ ಆ ಗೊಂಬೆಯನ್ನು ತೆಗೆದು, ಹಳೇ ಬಟ್ಟೆಯ ಚೀಲದೊಳಗೆ ತುರುಕಿ ಡೊನೇಶನ್ ಡಬ್ಬಕ್ಕೆ ಹಾಕಿ ಬಂದೆ. ಅವಳು ಕೇಳಲೇ ಇಲ್ಲ. ಗೆಳತಿಯರ ಜೊತೆ ಆಡುತ್ತಿದ್ದ ಆಟವನ್ನೂ ಬಿಟ್ಟಳು. ಓದು ಜಾಸ್ತಿಯಾಗಿರಬೇಕು ಎಂದುಕೊಂಡೆ. ಎಂಥ ಜಾಣ ಅಪ್ಪ!

ಶನಿವಾರ ಹೆಚ್ಚುಕಡಿಮೆ ಮುನ್ನೂರು ಮೈಲಿ ಡ್ರೈವ್ ಮಾಡುತ್ತಾ, ಹೈವೇಯ ಎಕ್ಸಿಟ್ಟಿಗೊಂದು ಸುಳ್ಳು ಹೊಸೆದೆ. ಇಲಿ ಕಡಿಯಿತು, ಬೇಸ್‌ಮೆಂಟಿಗೆ ನೀರು ನುಗ್ಗಿತು. ಅವಳು ನೆಲದ ಮೇಲೆ ಕೂತು ಒಂದೊಂದೇ ಗೊಂಬೆಯ ಬಟ್ಟೆ ಬಿಚ್ಚತೊಡಗಿದಾಗ ಒಂದು ಸುಳ್ಳೂ ಬಾಯಿಗೆ ಬರಲಿಲ್ಲ.

"ಮೇಘಾ, ನಿನ್ನ ಗೊಂಬೆ ಇದರಲ್ಲಿಲ್ಲ. ನಾನೇ ಡೊನೇಟ್ ಮಾಡ್ಬಿಟ್ಟೆ."

ಅವಳು ತಲೆ ಎತ್ತಲಿಲ್ಲ. "ಐ ನೋ. ಸಮಾರಾಧನೆ ಮಾರನೇ ದಿನ ಸಾಯಂಕಾಲಾನೇ ಬಾಕ್ಸ್ ತೆಗೆದು ನೋಡ್ದೆ."

"ಮತ್ತೆ ಯಾಕಮ್ಮಾ ಕೇಳ್ಲಿಲ್ಲ?"

"ಕೇಳಿದ್ರೆ ಯಾಕೆ ಅಂತ ನೀನು ಹೇಳ್ಬಿಡ್ತೀಯ ಅಂತ ಭಯ." ಕೈಯಲ್ಲಿದ್ದ ಗೊಂಬೆಯನ್ನು ಪಕ್ಕಕ್ಕಿಟ್ಟಳು. "ಅವಳನ್ನ ಮಾಡಿದ್ದು ನಾನು. ಅದಕ್ಕೇ ಅಮ್ಮ ಹೋದ್ಲು ಅಂತ ನಂಗೆ ಮೊದಲೇ ಅನ್ಸಿತ್ತು. ಗೊಂಬೆ ಕಾಣದೇ ಹೋದಾಗ, ಐ ಥಾಟ್, ಅಪ್ಪಂಗೂ ಹಾಗೇ ಅನ್ಸಿದೆ."

ಅಯ್ಯೋ ನನ್ನ ಕಂದಾ! ಅಮ್ಮನ ಸಾವಿಗೆ ಅಪ್ಪ ತನ್ನನ್ನೇ ದೂರುತ್ತಾನೆಂದು ನಂಬಿಕೊಂಡೇ, ಕಾಲೇಜಿಗೆ ಹೋದಾಗಿನಿಂದ ಒಂದು ಭಾನುವಾರವೂ ತಪ್ಪದೆ ಫೋನ್ ಮಾಡಿ, "ಊಟ ಆಯ್ತಾ ಅಪ್ಪಾ?" ಎಂದು ವಿಚಾರಿಸಿಕೊಂಡಿದ್ದಳು.

"ಕ್ಯಾನ್ಸರ್ ಕಣೇ, ಅಮ್ಮಂಗೆ ಬಂದಿದ್ದು ಕ್ಯಾನ್ಸರ್. ನಿನ್ನಿಂದ ಏನೂ ಆಗ್ಲಿಲ್ಲ" ಎಂದೆ. ಸಾಲದೆಂದು ಮತ್ತೆ ಮತ್ತೆ ಹೇಳಿದೆ.

ಮೇಘಾ ನನ್ನ ಕೈ ಹಿಡಿದುಕೊಂಡಳು.

"ಈಗ ಗೊತ್ತು ಅಪ್ಪಾ. ಬಟ್ ಅವಾಗ್ಲೇ ಹೇಳ್ಬೇಕಿತ್ತು. ಐ ವಾಸ್ ಓನ್ಲಿ ಸಿಕ್ಸ್‌ಟೀನ್."