ಶಿರಾಳಕೊಪ್ಪದ ವಿಳಾಸದ ರೇಡಿಯೊ

ಕಾಯಿದೆಯ ಮುಂದೆ ಎಲ್ಲರೂ ಸಮಾನರು. ಹಾಸಿಗೆ ಹಿಡಿದವರಿಗೂ ಇದರಿಂದ ವಿನಾಯಿತಿಯಿಲ್ಲವೆಂದು ಐವತ್ತರ ದಶಕದ ಕೊನೆಯಲ್ಲಿ ಸೋದರಮಾವನ ಊರು ಹೊಸಬಾಳೆಯಲ್ಲಿ ಕಂಡೆ.

ಮಾವನ ಮಗಳು ಅಂದು ಸಂಜೆ ಮೊದಲ ಬಾರಿಗೆ ರೇಡಿಯೊದಲ್ಲಿ ಹಾಡುವವಳಿದ್ದಳು. ಮಾವ ಏಳಲಾರರು. ಹಾಗಾಗಿ ಶಿರಾಳಕೊಪ್ಪದ ನನ್ನ ಅಂಗಡಿಯ ರೇಡಿಯೊವನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಿದ್ದೆ. ಆಗ ರೇಡಿಯೊ ಇಟ್ಟುಕೊಳ್ಳಲು ಸರ್ಕಾರದ ಲೈಸೆನ್ಸ್ ಬೇಕಿತ್ತು. ಹಾಡಿಗೆ ಅರ್ಧ ಗಂಟೆಯಿರುವಾಗ, ಮನೆಯ ಮಾಡಿಗೆ ಕಟ್ಟಿದ ಏರಿಯಲ್ ತಂತಿ ಕಂಡು ಲೈಸೆನ್ಸ್ ತಪಾಸಣೆಯ ಸಾಹೇಬರು ಒಳಗೆ ಬಂದರು. ನಾನು ಹೆಮ್ಮೆಯಿಂದಲೇ ಲೈಸೆನ್ಸ್ ತೋರಿಸಿದೆ.

"ಇದ್ರಾಗೆ ಶಿರಾಳಕೊಪ್ಪ ಅಂತ ಐತಲ್ರೀ. ಅಲ್ಲೇ ಕೇಳ್ಬೇಕು, ಇಲ್ಲಿ ಕೇಳೋ ಹಂಗಿಲ್ಲ."

"ಒಂದೇ ಹಾಡು ಸ್ವಾಮಿ, ನನ್ನ ಮಗಳದು," ಎಂದು ಮಾವ ಮಲಗಿದಲ್ಲಿಂದಲೇ ಕೈಮುಗಿದರು.

ಸಾಹೇಬರು ಅಚ್ಚುಕಟ್ಟಾಗಿ ರಸೀದಿ ಬರೆದರು. ನನ್ನ ಹೆಸರಿನ ಮುಂದೆ 'ಶ್ರೀ' ಸೇರಿಸಲು ಮರೆಯಲಿಲ್ಲ. ಆಮೇಲೆ ರೇಡಿಯೊ ಹೊರಿಸಿಕೊಂಡು ಹೋದರು.

ಮಗಳು ಹೇಳಿದ ಹೊತ್ತಿಗೇ ಹಾಡಿದಳಂತೆ. ಮೂರು ತಿಂಗಳಾದ ಮೇಲೆ ರೇಡಿಯೊ ವಾಪಸ್ ಬಂತು. ಮಾವ ತೀರಿಕೊಂಡು ಆಗ ಎರಡು ತಿಂಗಳಾಗಿತ್ತು.